ಲೆಕ್ಕ ನಮ್ಮ ಕೈಗೆ ಬಂದ ಮೇಲೆ

ಆದಿ ಉಡುಪಿಯ ಎಪಿಎಂಸಿ ಪ್ರಾಂಗಣದಲ್ಲಿ ಬುಧವಾರ ಸಂತೆ. ಊರಿನ ಬೆಂಡೆ, ಹೀರೆ, ಬಸಳೆ, ಘಟ್ಟದಿಂದ ಇಳಿದ ಬೀನ್ಸು, ಕ್ಯಾರೆಟ್ಟು, ಕಾಲ ಬಂದರೆ ಮಟ್ಟುಗುಳ್ಳ. ತಕ್ಕಡಿಯ ಪಕ್ಕದಲ್ಲಿ ಈಗ ಕ್ಯೂಆರ್ ಕಾರ್ಡು ನೇತಾಡುತ್ತಿರುತ್ತದೆ. ಹಣ ಬಂದ ಕೂಡಲೇ ಸಣ್ಣ ಪೆಟ್ಟಿಗೆಯೊಂದು ಮೊತ್ತವನ್ನು ಗಟ್ಟಿಯಾಗಿ ಹೇಳುತ್ತದೆ. ಸಂತೆಯಿಂದ ಹೊರಗೆ ಬಂದು ಮಲ್ಪೆ ರಸ್ತೆ ಹಿಡಿದರೆ ಜೀನಸಿನ ಅಂಗಡಿ, ಹಾರ್ಡ್‌ವೇರ್ ಅಂಗಡಿ, ಬೇಕರಿಗಳಲ್ಲಿ ವ್ಯವಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಗಲ್ಲಾಪೆಟ್ಟಿಗೆಯ ಹತ್ತಿರ ಕೂತವರು ಮೊಬೈಲಿನಲ್ಲೇ ಬಿಲ್ಲು ಮಾಡುತ್ತಾರೆ. ಆ ಬಿಲ್ಲು ಅದೇ ಕ್ಷಣ ದೂರದ ಯಾವುದೋ ಸರ್ವರಿನಲ್ಲಿ ಖಾತೆಗೆ ಹತ್ತುತ್ತದೆ, ಪೇಟೆಯಲ್ಲಿರುವ ಆಡಿಟರ ಪರದೆಯಲ್ಲೂ ಕಾಣುತ್ತದೆ. ಕ್ಲೌಡ್ ಅಕೌಂಟಿಂಗ್ ಎಂದರೆ ಇಷ್ಟೇ: ಪುಸ್ತಕ ಒಂದು, ಅದನ್ನು ನೋಡುವ ಕಣ್ಣು ಎರಡು ಕಡೆ.

ಹಿಂದೆ ಹೀಗಿರಲಿಲ್ಲ ಎಂಬುದು ನಮ್ಮಲ್ಲಿ ಐವತ್ತು ದಾಟಿದ ಎಲ್ಲರಿಗೂ ಗೊತ್ತು. ಕಿರ್ದಿ ಬರೆಯಲು ಅಂಗಡಿಯಲ್ಲೊಬ್ಬರು ರೈಟರು ಇದ್ದರು. ದೀಪಾವಳಿಯ ಅಂಗಡಿಪೂಜೆಗೆ ಹೊಸ ಪುಸ್ತಕ ತಂದು, ಅರಶಿನ ಕುಂಕುಮ ಹಚ್ಚಿ ಇಡುತ್ತಿದ್ದೆವು. ವರ್ಷಕ್ಕೊಮ್ಮೆ ಆ ಪುಸ್ತಕ ಆಡಿಟರ ಮನೆಗೆ ಹೋಗುತ್ತಿತ್ತು. ಆಮೇಲೆ ಕಂಪ್ಯೂಟರ್ ಬಂತು. ಬಟ್ಟೆ ಗಿರಣಿಗಳಿಗೆ ಯಂತ್ರದ ಬಿಡಿಭಾಗ ಒದಗಿಸುತ್ತಿದ್ದ ಶ್ಯಾಮ್ ಸುಂದರ್ ಗೋಯಂಕಾ ಅವರಿಗೆ ತಮ್ಮ ವ್ಯಾಪಾರದ ಲೆಕ್ಕ ನೋಡಿಕೊಳ್ಳಲು ಸರಿಯಾದ ಸಾಫ್ಟ್‌ವೇರ್ ಸಿಗಲಿಲ್ಲ. ಅವರ ಮಗ ಭರತ್ ಬರೆದುಕೊಟ್ಟರು. 1986ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಉದ್ಯಮವೇ ಇಂದಿನ ಟ್ಯಾಲಿ. ವ್ಯಾಪಾರಿ ತನ್ನ ಲೆಕ್ಕವನ್ನು ತಾನೇ ಕಾಣಲಿ ಎಂದು ಹುಟ್ಟಿದ ಟ್ಯಾಲಿಯನ್ನೂ ನಮ್ಮಂಥ ಊರುಗಳ ಬಹಳಷ್ಟು ಸಣ್ಣ ವ್ಯಾಪಾರಿಗಳು ಮುಟ್ಟಲಿಲ್ಲ. ಅದು ಆಡಿಟರ ಕಚೇರಿಯ ಕಂಪ್ಯೂಟರಿನಲ್ಲೇ ಉಳಿಯಿತು. ನಾವು ಮಾಡಿದ್ದು ತಿಂಗಳ ಬಿಲ್ಲುಗಳನ್ನೆಲ್ಲ ಒಂದು ತೊಟ್ಟೆಯಲ್ಲಿ ತುಂಬಿ ಅಲ್ಲಿ ಕೊಟ್ಟು ಬಂದದ್ದು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಆ ತೊಟ್ಟೆಗೆ ಗಡುವು ಬಂತು. ಪ್ರತಿ ತಿಂಗಳು ಲೆಕ್ಕ ಸಲ್ಲಿಸುವವರಿಗೆ 11ರೊಳಗೆ ಮಾರಾಟದ ವಿವರ, 20ರೊಳಗೆ ತೆರಿಗೆ. 18ರ ಸಂಜೆ ತೊಟ್ಟೆ ಹಿಡಿದು ಓಡುವವರು, ರಾತ್ರಿ ಹತ್ತಕ್ಕೂ ದೀಪ ಆರದ ಆಡಿಟರ ಕಚೇರಿ, ಎರಡೂ ಕಡೆ ಸಿಡುಕು.

ಕ್ಲೌಡ್ ಬಂದು ಆ ಓಟವನ್ನು ತಗ್ಗಿಸಿದೆ. ಅದಕ್ಕಿಂತ ದೊಡ್ಡದಾದ ಇನ್ನೊಂದು ಬದಲಾವಣೆಯ ಬಗ್ಗೆ ನಾವು ಅಷ್ಟಾಗಿ ಮಾತಾಡುವುದಿಲ್ಲ. ಪುಸ್ತಕ ಆಡಿಟರ ಕಪಾಟಿನಲ್ಲಿ ಇದ್ದಷ್ಟು ಕಾಲ ಅವರನ್ನು ಬಿಡುವುದು ಕಷ್ಟವಿತ್ತು. ಹತ್ತು ವರ್ಷದ ಫೈಲು ಅಲ್ಲಿ, ಪಾಸ್‌ವರ್ಡು ಅಲ್ಲಿ, ನಮ್ಮ ಅಂಗಡಿಗೆ ಲಾಭವೋ ನಷ್ಟವೋ ಎಂಬುದೂ ಅಲ್ಲಿಂದಲೇ ತಿಳಿಯಬೇಕು. ಬಹುಪಾಲು ಆಡಿಟರುಗಳು ಈ ಅವಲಂಬನೆಯನ್ನು ಎಂದೂ ದುರುಪಯೋಗ ಮಾಡಿಕೊಳ್ಳಲಿಲ್ಲ, ಅದು ಅವರ ಸಜ್ಜನಿಕೆ. ಆದರೂ ಕಣ್ಣು ಕಟ್ಟಿಕೊಂಡು ಇಟ್ಟ ವಿಶ್ವಾಸದಲ್ಲಿ ನಮ್ಮ ಸೋಮಾರಿತನದ ಪಾಲೂ ಇತ್ತು. ಈಗ ಪುಸ್ತಕ ನಮ್ಮ ಹೆಸರಿನಲ್ಲಿದೆ, ಆಡಿಟರಿಗೆ ನಾವು ಒಂದು ಲಾಗಿನ್ ಕೊಟ್ಟಿರುತ್ತೇವೆ. ಬೇಡವೆಂದರೆ ನಾಳೆಯೇ ಅದನ್ನು ತೆಗೆಯಬಹುದು. ಇಷ್ಟು ಸ್ವಾತಂತ್ರ್ಯ ಇದ್ದೂ ಅವರ ಹತ್ತಿರವೇ ಹೋಗುತ್ತೇವೆ ಎಂದರೆ ಆ ಸಂಬಂಧಕ್ಕೆ ಬೇರೆಯೇ ಘನತೆ ಬರುತ್ತದೆ. ಅದರ ಜತೆಗೆ ಹೊಣೆಯೂ ನಮ್ಮ ಕಡೆ ಸರಿದಿದೆ. ಮನೆಗೆ ತಂದ ಫ್ರಿಜ್ಜನ್ನು ಅಂಗಡಿಯ ಖರ್ಚಿಗೆ ಹಾಕಿದ್ದು ಯಾರು ಎಂದು ಕೇಳಿದರೆ ಇನ್ನು ಮೇಲೆ ರೈಟರ ಕಡೆ ಬೆರಳು ತೋರಿಸುವಂತಿಲ್ಲ.

ಹಾಗಾದರೆ ಆಡಿಟರಿಗೆ ಉಳಿದ ಕೆಲಸ ಯಾವುದು? 2020ರ ಒಂದು ಸಂಗತಿ ನೆನಪಿಸಿಕೊಳ್ಳೋಣ. ಪರೋಟಾ ರೊಟ್ಟಿಯ ಜಾತಿಗೆ ಸೇರುತ್ತದೆಯೇ ಎಂದು ಬೆಂಗಳೂರಿನ ಕಂಪನಿಯೊಂದು ಕರ್ನಾಟಕದ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರವನ್ನು ಕೇಳಿತು. ರೊಟ್ಟಿಗೆ ಆಗ 5 ಪ್ರತಿಶತ. ಪರೋಟಾ ರೊಟ್ಟಿಯಲ್ಲ, ಅದಕ್ಕೆ 18 ಎಂದು ಉತ್ತರ ಬಂತು. ಐದು ವರ್ಷ ಕಳೆದು, 2025ರ ಸೆಪ್ಟೆಂಬರ್ 22ರಿಂದ ಹೊಸ ದರ ಜಾರಿಯಾದಾಗ ರೊಟ್ಟಿ, ಪರೋಟಾ ಎರಡಕ್ಕೂ ತೆರಿಗೆ ಇಲ್ಲವಾಯಿತು. ಈ ಐದು ವರ್ಷವೂ ಸಾಫ್ಟ್‌ವೇರ್ ತನಗೆ ಹಾಕಿಕೊಟ್ಟ ಅಂಕಿಯನ್ನು ತಪ್ಪದೆ ಗುಣಿಸಿತು. ಯಾವ ಅಂಕಿ ಹಾಕಬೇಕು ಎಂದು ವಿವೇಚಿಸಿ ಹೇಳಬೇಕಾದದ್ದು ಮನುಷ್ಯನೇ.

ಅದೇ 2025ರ ಜುಲೈ ತಿಂಗಳನ್ನು ಕರ್ನಾಟಕದ ಸಣ್ಣ ವ್ಯಾಪಾರಿಗಳು ಬೇಗ ಮರೆಯಲಾರರು. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಕಾಂಡಿಮೆಂಟ್ಸ್, ಹಾಲು ತರಕಾರಿಯ ಅಂಗಡಿಗಳಿಗೆ ನೋಟಿಸು ಕಳಿಸಿತು. ಬೆಂಗಳೂರಿನಲ್ಲಿ ಕೆಲವರು ಕ್ಯೂಆರ್ ಕಾರ್ಡು ತೆಗೆದು ನಗದು ಮಾತ್ರ ಎಂದು ಬರೆದು ತೂಗುಹಾಕಿದರು. ಹಣ ಎಷ್ಟು ಬಂತೆಂದು ಯಂತ್ರಕ್ಕೆ ಗೊತ್ತಿತ್ತು. ಅದು ಹಾಲಿನ ದುಡ್ಡೋ, ಕೇಕಿನ ದುಡ್ಡೋ, ತಂಗಿ ಕಳಿಸಿದ ಕೈಸಾಲವೋ ಎಂಬುದು ಗೊತ್ತಿರಲಿಲ್ಲ. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ, ಸೇವೆಯವರದು 20 ಲಕ್ಷ ದಾಟಿದರೆ ನೋಂದಣಿ ಬೇಕು. ಬರೀ ತೆರಿಗೆ ಇಲ್ಲದ ವಸ್ತು ಮಾರುವವರಿಗೆ ನೋಂದಣಿಯೇ ಬೇಡ. ಆದರೆ ಹಾಲು ತರಕಾರಿಯ ಜತೆ ನಾಲ್ಕು ಬಿಸ್ಕತ್ತಿನ ಪೊಟ್ಟಣವನ್ನೂ ಮಾರಿದರೆ ಆ ಮಿತಿಗೆ ಎಲ್ಲವೂ ಸೇರಿ ಲೆಕ್ಕವಾಗುತ್ತದೆ. ಒಂದೂವರೆ ಕೋಟಿಯೊಳಗಿನ ವ್ಯಾಪಾರಿಗೆ ಒಂದು ಪ್ರತಿಶತ ಕಟ್ಟಿ ಮುಗಿಸುವ ರಾಜಿ ತೆರಿಗೆಯ ದಾರಿಯೂ ಇದೆ. ಇಷ್ಟನ್ನು ಹತ್ತು ನಿಮಿಷದಲ್ಲಿ ಬಿಡಿಸಿ ಹೇಳಬಲ್ಲ ಆಡಿಟರು ಪ್ರತಿ ಪೇಟೆಯಲ್ಲೂ ಇದ್ದರು. ಮೊದಲೇ ಹೋಗಿ ಕೇಳಿದವರು ಕಡಿಮೆ.

ಹಣದ ವ್ಯವಹಾರದಲ್ಲಿ ಮನುಷ್ಯನ ಪರಿಚಯಕ್ಕೆ ಏನು ಬೆಲೆ ಎಂದು ಉಡುಪಿಗೆ ಹೊರಗಿನವರು ಕಲಿಸಬೇಕಾಗಿಲ್ಲ. ಡಾ. ಟಿ. ಎಂ. ಎ. ಪೈ, ಉಪೇಂದ್ರ ಪೈ, ವಾಮನ ಶ್ರೀನಿವಾಸ ಕುಡ್ವ ಸೇರಿ 1925ರಲ್ಲಿ ಇಲ್ಲಿ ಕಟ್ಟಿದ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕಾಯಿತು. ಅದು 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿ, ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಪಡೆಯಿತು. ಆ ಎರಡಾಣೆಯನ್ನು ಇಂದು ಫೋನು ತಾನಾಗಿಯೇ ಕಳಿಸಿಬಿಡುತ್ತದೆ. ಆದರೆ ಪಿಗ್ಮಿಯವರಿಗೆ ಈ ಮನೆಯಲ್ಲಿ ಇವತ್ತು ಎರಡಾಣೆ ಯಾಕೆ ಹುಟ್ಟಲಿಲ್ಲ ಎಂಬುದೂ ಗೊತ್ತಿರುತ್ತಿತ್ತು. ನಮ್ಮ ಹಳೆಯ ಆಡಿಟರುಗಳೂ ಹಾಗೆಯೇ. ತೊಟ್ಟೆ ಕೊಡಲು ಹೋದಾಗ ಅರ್ಧ ಲೋಟ ಚಹಾದ ನಡುವೆ ಮಗಳ ಮದುವೆ, ತಮ್ಮನ ಪಾಲು, ಕಾಪುವಿನಲ್ಲಿ ಇನ್ನೊಂದು ಅಂಗಡಿ ಹಾಕುವ ಆಸೆ ಎಲ್ಲ ಮಾತಿಗೆ ಬರುತ್ತಿದ್ದವು. ಒಳ್ಳೆಯ ಸಲಹೆಗಳು ಹುಟ್ಟಿದ್ದು ಬಹುಶಃ ಅಲ್ಲೇ. ಫೈಲು ವಾಟ್ಸ್‌ಆ್ಯಪಿನಲ್ಲಿ ಹೋಗತೊಡಗಿದ ಮೇಲೆ ಆ ಕುರ್ಚಿ ಖಾಲಿ. ಇನ್ನೊಂದು ಚಿಂತೆಯೂ ನನಗಿದೆ. ಸಿಎ ಓದುವ ಮಕ್ಕಳ ಪ್ರಾಯೋಗಿಕ ತರಬೇತಿ 2023ರಿಂದ ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ. ಬಿಲ್ಲು ಜೋಡಿಸುತ್ತಾ ಅಂಗಡಿಯ ಒಳಹೊರಗನ್ನು ಕಲಿಯುವ ಅವಕಾಶವೂ ಈಗ ತಗ್ಗಿದೆ. ಯಜಮಾನರು ಕಚೇರಿಗೆ ಬಂದು ಮಾತಾಡಿದರೆ ಪಕ್ಕದ ಮೇಜಿನ ಹುಡುಗಿಗೂ ಅದೊಂದು ಪಾಠ.

ಈಗ ಫೀಸಿನ ಮಾತು. ಬಟನ್ ಒತ್ತಿದರೆ ಆಗುವ ಕೆಲಸಕ್ಕೆ ಇಷ್ಟು ಫೀಸು ಯಾಕೆ ಎಂದು ಅಂಗಡಿಗಳಲ್ಲಿ ಕೇಳಿಬರುತ್ತದೆ. ಬರೆಯುವ ಕೆಲಸ ಕಡಿಮೆಯಾದದ್ದು ನಿಜ, ಅದಕ್ಕೆ ತಕ್ಕಂತೆ ಅದರ ಫೀಸು ಇಳಿಯಲಿ. ನೋಡುವ ಕೆಲಸ ಮಾತ್ರ ಇಳಿದಿಲ್ಲ. ನಮಗೆ ಸರಕು ಕೊಟ್ಟವರು ತಮ್ಮ ಬಿಲ್ಲನ್ನು ಜಿಎಸ್‌ಟಿ ಜಾಲಕ್ಕೆ ಏರಿಸದಿದ್ದರೆ ನಾವು ಕಟ್ಟಿದ ತೆರಿಗೆಯ ಕ್ರೆಡಿಟ್ಟು ನಮಗೆ ಆ ತಿಂಗಳು ಸಿಗುವುದಿಲ್ಲ. 2022ರ ಜನವರಿಯಿಂದ ಕಾನೂನು ಹಾಗಿದೆ. ಆ ಬಿಲ್ಲು ಕಾಣುತ್ತಿಲ್ಲ ಎಂದು ಸಾಫ್ಟ್‌ವೇರ್ ತೋರಿಸುತ್ತದೆ. ಕಾರ್ಕಳದ ಸರಬರಾಜುದಾರರ ಆಡಿಟರಿಗೆ ಫೋನು ಮಾಡಿ, ಸ್ವಲ್ಪ ಬೇಗ ಹಾಕಿಬಿಡಿ ಮಾರಾಯ್ರೆ ಎಂದು ಹೇಳಿ ಕೆಲಸ ಮಾಡಿಸುವವರು ನಮ್ಮ ಆಡಿಟರು. ಆ ಒಂದು ಫೋನಿಗೆ ಬಿಲ್ಲು ಹರಿಯುವ ಪದ್ಧತಿ ನಮ್ಮಲ್ಲಿ ಇಲ್ಲ. ಸಲಹೆಗೆ ಪ್ರತ್ಯೇಕವಾಗಿ, ಚೌಕಾಸಿ ಮಾಡದೆ ಹಣ ಕೊಡುವುದನ್ನು ನಾವು ಕಲಿಯಬೇಕು. ಸಲಹೆಗೆಂದೇ ಸಮಯ ತೆಗೆದಿಡುವುದನ್ನು ಅವರೂ ಕಲಿಯಬೇಕು. ಮೂರು ತಿಂಗಳಿಗೊಮ್ಮೆ ಅರ್ಧ ಗಂಟೆ ಎದುರುಬದುರು ಕೂತರೆ ಸಾಕು. ಸಾಲಕ್ಕೆ ಸಹಿ ಹಾಕುವ ಹಿಂದಿನ ದಿನ ಒಂದು ಮಾತು ಕೇಳಿದರೆ, ಹಾಕಿದ ಮರುದಿನ ಕೇಳುವುದಕ್ಕಿಂತ ಎಷ್ಟೋ ಮೇಲು.

ಅಂಗಡಿ ಇರುವವರೆಲ್ಲ ಇವತ್ತು ಒಂದು ಚಿಕ್ಕ ಕೆಲಸ ಮಾಡಿ. ನಿಮ್ಮ ಜಿಎಸ್‌ಟಿ ನೋಂದಣಿಯಲ್ಲಿ ಇರುವ ಮೊಬೈಲ್ ನಂಬರು, ಇಮೇಲು ಯಾರದ್ದು ಎಂದು ನೋಡಿ. ಎಷ್ಟೋ ಕಡೆ ಅದು ನೋಂದಣಿ ಮಾಡಿಸಿಕೊಟ್ಟವರದ್ದೇ ಆಗಿರುತ್ತದೆ. ಇಲಾಖೆಯ ನೋಟಿಸು ಈಗ ಅಂಚೆಯಲ್ಲೇ ಬರಬೇಕೆಂದಿಲ್ಲ, ಜಾಲತಾಣದಲ್ಲಿ ಹಾಕಿದರೂ ನಿಮಗೆ ತಲುಪಿದ ಹಾಗೆಯೇ ಲೆಕ್ಕ. ನಂಬರು ನಿಮ್ಮದಲ್ಲದಿದ್ದರೆ ಆಡಿಟರ ಹತ್ತಿರ ಹೋಗಿ, ಅವರ ಎದುರಿಗೇ ಕೂತು ನಿಮ್ಮದಕ್ಕೆ ಬದಲಿಸಿಕೊಳ್ಳಿ. ಅಲ್ಲಿವರೆಗೆ ಹೋದವರು ಈ ವರ್ಷದ ಲೆಕ್ಕದ ಬಗ್ಗೆಯೂ ಎರಡು ಮಾತು ಕೇಳಿ, ಫೀಸು ಕೊಟ್ಟು ಬನ್ನಿ.