ಕೇಳದಿರುವುದು ತಪ್ಪೇ?



ಹೋದ ಮಳೆಗಾಲ ಬಾಲಗಾಂವದ ನಮ್ಮ ಧರ್ಮೋಪದೇಶ ತರಗತಿ ಒಂದು ತಗಡಿನ ಶೆಡ್ಡಿನಲ್ಲಿ ನಡೆದಿತ್ತು. ತಗಡಿನ ಮೇಲೆ ಮಳೆ, ಒಳಗೆ ಫ್ಯಾನು, ಸುತ್ತ ಮಕ್ಕಳ ಗಲಾಟೆ. ಒಬ್ಬ ಹುಡುಗನಿಗೆ ಮೂರು ಸಲ ಹೇಳಿದರೂ ಹೇಳಿದ ಕೆಲಸ ಮಾಡಲಿಲ್ಲ. "ನಿನಗ ಕಿವಿ ಅದಾವೋ ಇಲ್ಲೋ?" ಎಂದು ಎಲ್ಲರೆದುರು ಗದರಿದೆ. "ಕೇಳಸ್ತೈತ್ರಿ ಅಣ್ಣಾ, ಮಾತು ಕಲಸಿ ಬರ್ತಾವು" ಎಂದ. ಮಕ್ಕಳು ನಕ್ಕರು. ನಾನು ನೆಪ ಎಂದುಕೊಂಡೆ. ಅವನ ಕಿವಿ ಪರೀಕ್ಷೆ ಮಾಡಿಸಿ, ಎಲ್ಲ ಸರಿಯಿದೆ ಎಂದು ಬಂದದ್ದು ನನಗೆ ಗೊತ್ತಿತ್ತು.

ಆ ಪರೀಕ್ಷೆ ಅಳೆಯುವುದಾದರೂ ಏನನ್ನು? ಬಿಎಸ್ಸಿ ಓದಿದ್ದರೂ ಅಂದು ನಾನು ಯೋಚಿಸಲಿಲ್ಲ. ಸದ್ದಿಲ್ಲದ ಕೋಣೆಯಲ್ಲಿ ಕೂಡಿಸಿ, ಹೆಡ್‌ಫೋನಿನಲ್ಲಿ ಸಣ್ಣ ನಾದ ಕೇಳಿಸಿ, ಕೇಳಿದಾಗ ಗುಂಡಿ ಒತ್ತಿಸುತ್ತಾರೆ. ಕಿವಿ ಎಷ್ಟು ಸಣ್ಣ ಸದ್ದನ್ನು ಹಿಡಿಯುತ್ತದೆ ಎಂಬುದಷ್ಟೇ ಇದರಿಂದ ತಿಳಿಯುತ್ತದೆ. ಗದ್ದಲದೊಳಗಿಂದ ಮಾತನ್ನು ಹೆಕ್ಕಿ ತೆಗೆಯಲು ಮಿದುಳು ದುಡಿಯಬೇಕು. ಕಿವಿ ಸರಿಯಿದ್ದೂ ಕೆಲವರಿಗೆ ಅದು ಕಷ್ಟ. ಇನ್ನು ಕೆಲವರಿಗೆ ತಟ್ಟೆ ಬಿದ್ದ ಸದ್ದು, ಮೈಕಿನ ಕಿರುಗುಟ್ಟುವಿಕೆ ನೋವನ್ನೇ ಕೊಡುತ್ತದೆ. ಇದಕ್ಕೆ ಹೈಪರಾಕ್ಯುಸಿಸ್ ಎನ್ನುತ್ತಾರೆ. 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ, ಗದ್ದಲದ ನಡುವೆ ಮಾತು ಎಷ್ಟು ತಿಳಿಯುತ್ತದೆ ಎಂದೂ ಪರೀಕ್ಷಿಸುತ್ತಾರೆ.

ಗಡಿಯಲ್ಲಿರುವ ನಮಗೆ ಈ ಕಷ್ಟ ಹೊಸದಲ್ಲ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ದೊಡ್ಡ ಹಬ್ಬದಲ್ಲಿ ಎಲ್ಲ ಭಾಷೆಯವರು ಕೂಡಿದಾಗ ಮರಾಠಿ ಪ್ರಬೋಧನೆ ಧ್ವನಿವರ್ಧಕದಲ್ಲಿ ಮಾರ್ದನಿಸುತ್ತದೆ. ಎದುರು ಕೂತು ಮಾತಾಡಿದರೆ ತಿಳಿಯುವ ಮರಾಠಿ ಅಲ್ಲಿ ಅರ್ಧ ತಪ್ಪಿಹೋಗುತ್ತದೆ. ಆಮೇಲೆ ಕಲಿತ ಭಾಷೆ ಗದ್ದಲದಲ್ಲಿ ಹೀಗೆ ಬೇಗ ಜಾರುತ್ತದೆ. ಅದಕ್ಕೆ ನಮ್ಮನ್ನು ಅವಿಧೇಯರು ಎನ್ನಬಹುದೇ? ಆ ಹುಡುಗನಿಗೆ ತಾಯ್ನುಡಿಯಲ್ಲೇ ದಿನವೂ ಹೀಗಾಗುತ್ತಿರಬಹುದು.

ಬೇಕೆಂದೇ ಕಿವಿಗೊಡದವರು ಇಲ್ಲವೇ ಎಂದು ನೀವು ಕೇಳಬಹುದು. ಇದ್ದಾರೆ. ಅಂದು ನಾನೇ ಅಂಥವನಾಗಿದ್ದೆ. ಹುಡುಗನ ಉತ್ತರ ನನ್ನ ಕಿವಿಗೆ ಸ್ಪಷ್ಟವಾಗಿ ಬಿದ್ದಿತ್ತು, ನಾನು ಕೇಳಿಸಿಕೊಳ್ಳಲಿಲ್ಲ. ಆಗದಿರುವುದು ಬೇರೆ, ಮನಸ್ಸಿಲ್ಲದಿರುವುದು ಬೇರೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಆದ್ದರಿಂದ ಮೊದಲು ಸದ್ದು ಕಡಿಮೆ ಮಾಡಬೇಕು, ತೀರ್ಪು ಆಮೇಲೆ. ಮಾರ್ಕನ ಶುಭಸಂದೇಶದ 7ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಕಿವುಡನನ್ನು ಗುಣಪಡಿಸುವ ಮುನ್ನ ಜನರ ಗುಂಪಿನಿಂದ ಪಕ್ಕಕ್ಕೆ ಕರೆದೊಯ್ಯುತ್ತಾರೆ. ಕೇಳಿಸುವ ಹೊಣೆ ಮಾತಾಡುವವನದೂ ಹೌದು.

ಮೈಸೂರು ನಮಗೆ ದೂರ. ಫ್ಯಾನಿನ ಸ್ವಿಚ್ಚು ಹತ್ತಿರವಿದೆ. ಅಂಥ ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂಡಿಸೋಣ, ಮುಖ ನೋಡಿ ಮಾತಾಡೋಣ, ಒಂದು ಸಲಕ್ಕೆ ಒಂದೇ ಕೆಲಸ ಹೇಳೋಣ. ಸದ್ದಿಗೆ ಕಿವಿ ಮುಚ್ಚಿಕೊಳ್ಳುವ ಮಗುವನ್ನು ಹಟಮಾರಿ ಎನ್ನದೆ ಸ್ಪೀಕರಿನಿಂದ ದೂರ ಕೂಡಿಸೋಣ.

ಆ ಹುಡುಗನನ್ನು ಎಲ್ಲರೆದುರು ಗದರಿದ್ದೆ. ಎಲ್ಲರೆದುರೇ ಅವನ ಕ್ಷಮೆ ಕೇಳಿದೆ. ಅದಕ್ಕೂ ಮೊದಲು ಫ್ಯಾನು ಆರಿಸಿದೆ.

ನಿಮ್ಮ ಯುವಜನ ಸಂಯೋಜಕ