ಎಳವೆಯ ಲೆಕ್ಕ ಯಾರು ಕೊಡಬೇಕು?

ಮಗ ಹಟಮಾರಿಯಾದರೆ ಟಿ.ವಿ. ಕೆಡಿಸಿತು ಎನ್ನುತ್ತೇವೆ. ಮಗಳು ಎದುರುತ್ತರ ಕೊಟ್ಟರೆ ಮೊಬೈಲನ್ನು ದೂರುತ್ತೇವೆ. ನಮ್ಮ ಹಿರಿಯರು ಸಿನಿಮಾವನ್ನು ದೂರುತ್ತಿದ್ದರು. ಈ ದೂರಿನಲ್ಲಿ ಸತ್ಯಾಂಶವಿದೆ. ಆದರೆ ಅದೇ ಪೂರ್ಣ ಸತ್ಯವೇ? ಮನುಷ್ಯನ ನಡತೆಯನ್ನು ರೂಪಿಸುವುದು ಅವನು ನೋಡುವ ಮಾಧ್ಯಮವೋ, ಅವನು ಬೆಳೆದ ಮನೆಯೋ? ಹಾಗೆ ರೂಪುಗೊಂಡ ನಡತೆಗೆ ಹೊಣೆ ಯಾರು? ಓದುಗರೇ, ಈ ಪ್ರಶ್ನೆಯನ್ನು ಸ್ವಲ್ಪ ನಿಧಾನವಾಗಿ ಪರಿಶೀಲಿಸೋಣ.

1961ರಲ್ಲಿ ಅಮೆರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಮತ್ತು ಅವರ ಸಂಗಡಿಗರು ಶಿಶುವಿಹಾರದ 72 ಮಕ್ಕಳೊಂದಿಗೆ ಒಂದು ಪ್ರಯೋಗ ನಡೆಸಿದರು. ಗಾಳಿ ತುಂಬಿದ ದೊಡ್ಡ ಬೊಂಬೆಯೊಂದನ್ನು ಹಿರಿಯರೊಬ್ಬರು ಗುದ್ದುವುದನ್ನೂ ಸುತ್ತಿಗೆಯಿಂದ ಬಡಿಯುವುದನ್ನೂ ಕೆಲವು ಮಕ್ಕಳು ನೋಡಿದರು. ಬೇರೆ ಕೆಲವರು ನೋಡಿದ್ದು ಸುಮ್ಮನೆ ಆಟಿಕೆ ಜೋಡಿಸುತ್ತಿದ್ದ ಹಿರಿಯರನ್ನು. ಬಳಿಕ ಅದೇ ಬೊಂಬೆ ಮಕ್ಕಳ ಕೈಗೆ ಸಿಕ್ಕಿದಾಗ ಮೊದಲ ಗುಂಪಿನವರಲ್ಲಿ ಅನೇಕರು ಅದೇ ಏಟು ಹಾಕಿದರು, ಅದೇ ಮಾತು ಆಡಿದರು. 1963ರಲ್ಲಿ ಆ ದೃಶ್ಯವನ್ನು ಚಲನಚಿತ್ರದಲ್ಲಿ ತೋರಿಸಿದಾಗಲೂ ಮಕ್ಕಳು ಅದನ್ನು ಅನುಕರಿಸಿದರು.

1965ರಲ್ಲಿ ಬಂಡೂರ ಇನ್ನೊಂದು ಹೆಜ್ಜೆ ಮುಂದೆ ಹೋದರು. ಹೊಡೆದವನಿಗೆ ಶಿಕ್ಷೆಯಾದುದನ್ನು ಚಿತ್ರದಲ್ಲಿ ಕಂಡ ಮಕ್ಕಳು ಕಡಿಮೆ ಅನುಕರಿಸಿದರು. ಪಾಠ ಅವರಿಗೆ ಅಂಟಲಿಲ್ಲವೆಂದು ನೋಡುವವರು ಸಮಾಧಾನಪಡಬಹುದಿತ್ತು. ಆದರೆ ನೋಡಿದ್ದನ್ನು ಮಾಡಿ ತೋರಿಸಿದರೆ ಬಹುಮಾನವಿದೆ ಎಂದಾಗ ಆ ಮಕ್ಕಳೂ ಇತರರಷ್ಟೇ ಚೆನ್ನಾಗಿ ಮಾಡಿ ತೋರಿಸಿದರು! ಅಂದರೆ ಅವರು ಕಲಿತಿದ್ದರು, ತೋರಿಸಿರಲಿಲ್ಲ, ಅಷ್ಟೇ. ಬೊಂಬೆಗೆ ಹೊಡೆದ ಮಗು ನಾಳೆ ಮನುಷ್ಯರಿಗೆ ಹೊಡೆಯುತ್ತದೆಂದು ಇದರಿಂದ ತೀರ್ಮಾನಿಸಲಾಗದು. ಆದರೆ ಒಂದಂತೂ ಸ್ಪಷ್ಟ. ಮಗು ಕಂಡದ್ದು ಒಳಗೆ ಉಳಿಯುತ್ತದೆ, ಸಂದರ್ಭ ಬಂದಾಗ ಹೊರಬರುತ್ತದೆ.

ಹಾಗಾದರೆ ಪರದೆಯೇ ಸರ್ವಶಕ್ತವೇ? ಅದೂ ಅಲ್ಲ. 2003ರಲ್ಲಿ ಪೆಟ್ರೀಷಿಯಾ ಕೂಲ್ ಎಂಬ ವಿಜ್ಞಾನಿಯ ತಂಡ ಅಮೆರಿಕದ ಒಂಬತ್ತು ತಿಂಗಳ ಶಿಶುಗಳಿಗೆ ಚೀನೀ ಭಾಷೆಯನ್ನು ಕೇಳಿಸಿತು. ಎದುರಿಗೆ ಕುಳಿತು ಆಟವಾಡಿಸುತ್ತಾ ಮಾತಾಡಿದವರಿಂದ ಶಿಶುಗಳು ಆ ಭಾಷೆಯ ಧ್ವನಿಗಳನ್ನು ಗುರುತಿಸಲು ಕಲಿತವು. ಅದೇ ಮಾತನ್ನು ಟಿ.ವಿ.ಯಲ್ಲಿ ನೋಡಿದ ಶಿಶುಗಳು ಕಲಿಯಲಿಲ್ಲ. ಎಳೆಯ ಜೀವಕ್ಕೆ ಬೇಕಾದುದು ಮುಖ, ಕಣ್ಣು, ಪ್ರತಿಯಾಗಿ ಸಿಗುವ ನಗು. ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲಿ, ಒಂದು ವರ್ಷದೊಳಗಿನ ಶಿಶುಗಳಿಗೆ ಪರದೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸು ಮೀರಬಾರದು ಎಂದು ಸಲಹೆ ನೀಡಿತು. ಊಟ ಮಾಡಿಸಲೆಂದು ಹಸುಗೂಸಿನ ಮುಂದೆ ಮೊಬೈಲ್ ಹಿಡಿಯುವಾಗ ನಾವು ಕೊಡುವುದಕ್ಕಿಂತ ಕಿತ್ತುಕೊಳ್ಳುವುದೇ ಹೆಚ್ಚು.

ಈಗ ಹೊಣೆಗಾರಿಕೆಯ ಪ್ರಶ್ನೆಗೆ ಬರೋಣ. ಪ್ರತಿಯೊಂದು ಮಗುವೂ ಶುದ್ಧ ಪ್ರಕೃತಿಯಲ್ಲಿಯೇ ಹುಟ್ಟುತ್ತದೆ, ಅದನ್ನು ಬೇರೆ ದಾರಿಗೆ ತಿರುಗಿಸುವವರು ಹೆತ್ತವರು ಎಂದು ಪ್ರವಾದಿ(ಸ)ರು ಕಲಿಸಿರುವರು. ಪ್ರಾಯಕ್ಕೆ ಬರುವ ತನಕ ಮಗುವಿನ ಕರ್ಮಗಳನ್ನು ಬರೆಯುವ ಲೇಖನಿ ಎತ್ತಲ್ಪಟ್ಟಿದೆಯೆಂದೂ ಹದೀಸ್‌ನಲ್ಲಿದೆ. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿ. ಸ್ವಭಾವ ಅಚ್ಚೊತ್ತುವ ವರ್ಷಗಳಲ್ಲಿಯೇ ಮಗುವಿಗೆ ವಿಚಾರಣೆಯಿಲ್ಲ. ಹಾಗೆಂದು ಆ ವರ್ಷಗಳಿಗೆ ಲೆಕ್ಕವೇ ಇಲ್ಲವೇ? ಇದೆ, ಅದನ್ನು ಕೊಡಬೇಕಾದವರು ನಾವು. ಪ್ರತಿಯೊಬ್ಬನೂ ತನ್ನ ಅಧೀನದಲ್ಲಿರುವವರ ಪಾಲಿಗೆ ಕುರುಬನಿದ್ದಂತೆ, ಅವರ ಬಗ್ಗೆ ಅವನನ್ನು ಪ್ರಶ್ನಿಸಲಾಗುವುದು ಎಂಬ ಎಚ್ಚರಿಕೆಯ ಅರ್ಥ ಇದೇ.

ಇದನ್ನು ಅತಿಗೆ ಎಳೆಯಲೂ ಬಾರದು. ವಿಗ್ರಹಾರಾಧಕನ ಮನೆಯಲ್ಲಿ ಬೆಳೆದ ಇಬ್ರಾಹೀಮ್(ಅ)ರು ಸತ್ಯವನ್ನು ಕಂಡುಕೊಂಡರು. ಪ್ರವಾದಿ ನೂಹ್(ಅ)ರ ಮಗ ತಂದೆಯ ಕರೆಗೆ ಓಗೊಡಲಿಲ್ಲ. ಎಳವೆಯ ತರಬೇತಿ ದಾರಿ ತೋರಿಸುತ್ತದೆ. ಕಾಲಿಗೆ ಸರಪಳಿ ತೊಡಿಸುವುದಿಲ್ಲ. ಬುದ್ಧಿ ಬಂದವನು ಮನೆಯನ್ನೋ ಮಾಧ್ಯಮವನ್ನೋ ನೆಪವಾಗಿಸಿ ಪಾರಾಗಲಾರ. ಪ್ರಾಮಾಣಿಕವಾಗಿ ಶ್ರಮಿಸಿಯೂ ಮಗ ದಾರಿ ತಪ್ಪಿದನೆಂದು ಕೊರಗುವ ತಾಯ್ತಂದೆಯರಿಗೆ ಇದರಲ್ಲಿ ಸಾಂತ್ವನವೂ ಇದೆ.

ಹಾಗಾದರೆ ನಮ್ಮ ಶ್ರಮ ಎಲ್ಲಿಂದ ಶುರುವಾಗಬೇಕು? ತಾಯಿಯೊಬ್ಬಳು ಏನೋ ಕೊಡುತ್ತೇನೆಂದು ತನ್ನ ಮಗುವನ್ನು ಕರೆದಳು. ಏನು ಕೊಡಲು ಬಯಸಿದ್ದೆ ಎಂದು ಪ್ರವಾದಿ(ಸ)ರು ಕೇಳಿದರು. ಖರ್ಜೂರ ಎಂದಳು. ಏನೂ ಕೊಡದೆ ಇದ್ದಿದ್ದರೆ ನಿನ್ನ ಹೆಸರಲ್ಲಿ ಒಂದು ಸುಳ್ಳು ಬರೆಯಲ್ಪಡುತ್ತಿತ್ತು ಎಂದರು. ಮಗುವನ್ನು ಹತ್ತಿರ ಕರೆಯಲು ಆಡುವ ಸಣ್ಣ ಮಾತಿಗೂ ಇಷ್ಟು ತೂಕ! ಅಪ್ಪ ಮನೆಯಲ್ಲಿಲ್ಲವೆಂದು ಹೇಳು ಎಂದು ಮಗನ ಕೈಗೆ ಫೋನ್ ಕೊಡುವಾಗ ಅವನು ಕಲಿಯುವ ಪಾಠ ಯಾವ ಧಾರಾವಾಹಿಯ ಪಾಠಕ್ಕಿಂತ ಕಡಿಮೆ?

ಇನ್ನು ಮಾಧ್ಯಮದ ಮುಂದೆ ಎಳೆಯರಾಗುವವರು ಮಕ್ಕಳು ಮಾತ್ರವಲ್ಲ. 2018ರ ಜುಲೈಯಲ್ಲಿ ನಮ್ಮ ಬೀದರ್ ಜಿಲ್ಲೆಯಲ್ಲಿ, ದಾರಿಯಲ್ಲಿ ಕಂಡ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಪ್ರಯಾಣಿಕರನ್ನು ವಾಟ್ಸ್ಆಪ್ ವದಂತಿ ನಂಬಿದ ಗುಂಪು ಮಕ್ಕಳ ಕಳ್ಳರೆಂದು ಥಳಿಸಿತು. ಒಬ್ಬ ಯುವಕ ಪ್ರಾಣ ಕಳೆದುಕೊಂಡ. ವದಂತಿ ಹರಡಿದವರು ಮಕ್ಕಳಲ್ಲ, ಹಿರಿಯರು. ಬಂದ ಸುದ್ದಿಯನ್ನು ಪರಿಶೀಲಿಸಬೇಕೆಂದು ಕುರ್‌ಆನ್ ಆಜ್ಞಾಪಿಸುತ್ತದೆ. ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವುದೇ ಒಬ್ಬನನ್ನು ಸುಳ್ಳುಗಾರನಾಗಿಸಲು ಸಾಕೆಂದು ಹದೀಸ್ ಎಚ್ಚರಿಸುತ್ತದೆ. ನಾವು ಓದದೆಯೇ ಸಂದೇಶ ರವಾನಿಸುವುದನ್ನು ಪಕ್ಕದಲ್ಲಿ ಕುಳಿತ ಮಗು ನೋಡುತ್ತಿರುತ್ತದೆ.

ಆದ್ದರಿಂದ ಮೊಬೈಲನ್ನು ಮಕ್ಕಳಿಂದ ಕಸಿದುಕೊಳ್ಳುವ ಮೊದಲು ನಮ್ಮ ಕೈಯಿಂದ ಕೆಳಗಿಡೋಣ. ಅವರು ನೋಡುವುದನ್ನು ಜೊತೆಯಲ್ಲಿ ಕುಳಿತು ನೋಡೋಣ. ಇದು ಸರಿಯೇ, ಇದು ನ್ಯಾಯವೇ ಎಂದು ಕೇಳೋಣ. ರಾತ್ರಿಯ ಊಟಕ್ಕೆ ಎಲ್ಲರೂ ಒಟ್ಟಿಗೆ ಕೂರೋಣ. ನಿಮ್ಮನ್ನೂ ನಿಮ್ಮ ಮನೆಯವರನ್ನೂ ನರಕಾಗ್ನಿಯಿಂದ ಕಾಪಾಡಿಕೊಳ್ಳಬೇಕೆಂದು ಅಲ್ಲಾಹನು ಆಜ್ಞಾಪಿಸಿರುವನು. ಆ ಆಜ್ಞೆಯಲ್ಲಿ ಮನೆಯವರ ಹೆಸರು ಬರುವುದು ಎರಡನೆಯದಾಗಿ. ಮೊದಲು ಬರುವುದು ನಾವೇ.