ಒಡಕಲು ಹೂದಾನಿ

ನಮ್ಮ ಅತ್ತೆಯವರು ತೀರಿಕೊಳ್ಳುವ ಒಂದು ವರ್ಷ ಮೊದಲೇ ಮನೆಯ ಸಾಮಾನುಗಳನ್ನು ಕೈಯಾರೆ ಹಂಚಿಬಿಟ್ಟರು. ನನ್ನ ಪಾಲಿಗೆ ಬಂದದ್ದರಲ್ಲಿ ಒಂದು ಗಾಜಿನ ಹೂದಾನಿ. 'ತೋಟ ಮಾರಿ ಹೋಗುವಾಗ ದೊರೆ ಕೊಟ್ಟದ್ದು, ಅಸಲು ಕ್ರಿಸ್ಟಲ್, ಜೋಪಾನ' ಎಂದಿದ್ದರು. ಹೆಚ್ಚು ಕಡಿಮೆ ಅಷ್ಟೇ ಎತ್ತರದ, ಬಾಯಂಚಿನಲ್ಲಿ ಚೆಕ್ಕೆ ಎದ್ದಿದ್ದ ಇನ್ನೊಂದನ್ನು ಮನೆಯಲ್ಲಿ ಮೂವತ್ತು ವರ್ಷ ದುಡಿದ ಹೆಂಗಸಿಗೆ ಕೊಟ್ಟರು. 'ಒಡಕಲು, ನಿನ್ನ ಮನೆಗೆ ಸಾಕು' ಎಂದರು. ಆಕೆ ಸೆರಗಿನಲ್ಲಿ ಸುತ್ತಿಕೊಂಡು ಲೈನ್ ಮನೆಗೆ ಒಯ್ದಳು.

ಗಾಜು ನೋಡುವ ಕಣ್ಣು ನನಗೆ ಬಂದದ್ದು ಬಹಳ ತಡವಾಗಿ, ಬೆಂಗಳೂರಿನಲ್ಲಿ ಅಕ್ಕನ ಮನೆಗೆ ಹೋಗಿದ್ದಾಗ. ಅವಳ ಸ್ನೇಹಿತೆಯೊಬ್ಬಳಿಗೆ ಹಳೆಯ ಸಾಮಾನಿನ ವ್ಯಾಪಾರ. ಕ್ರಿಸ್ಟಲ್ ಎಂದು ಕರೆದರೂ ಅದು ಗಾಜೇ, ಸೀಸ ಬೆರೆತ ಗಾಜು. 1674ರಲ್ಲಿ ಜಾರ್ಜ್ ರಾವೆನ್ಸ್‌ಕ್ರಾಫ್ಟ್ ಎಂಬ ಇಂಗ್ಲಿಷಿನವನು ಇಂಥ ಹೊಸ ಗಾಜಿಗೆ ಪೇಟೆಂಟ್ ಪಡೆದ. ಸೀಸವಿದ್ದರೆ ಗಾಜು ತೂಕವಾಗುತ್ತದೆ, ಬೆಳಕನ್ನು ಬಣ್ಣಬಣ್ಣವಾಗಿ ಒಡೆಯುತ್ತದೆ, ಸಾಣೆಗೆ ಮೃದುವಾಗಿ ಒಗ್ಗುತ್ತದೆ. ಕೈಯಲ್ಲಿ ಕೊರೆಯುವವರು ಮರಳು ನೀರು ಬಿಡುತ್ತ ಕಬ್ಬಿಣದ ಚಕ್ರಕ್ಕೆ ಹಿಡಿಯುತ್ತಿದ್ದರು, ಆಮೇಲೆ ಕಲ್ಲಿನ ಚಕ್ರ, ಹೊಳಪಿಗೆ ಮರದ ಚಕ್ರ. ಆದ್ದರಿಂದ ಕೊರೆದ ಗೆರೆಯ ಏಣು ಬೆರಳಿಗೆ ಚುರುಕ್ಕೆನ್ನುತ್ತದೆ. ನಕ್ಷತ್ರದ ಗೆರೆಗಳು ನಡುವಿನಲ್ಲಿ ಕೂದಲೆಳೆಯಷ್ಟು ತಪ್ಪಿ ಕೂಡಿರುತ್ತವೆ. ಅಚ್ಚಿನಲ್ಲಿ ಒತ್ತಿದ್ದಾದರೆ ಏಣು ಮೊಂಡು, ಸೋಪು ಸವೆದಂತೆ. ಪಕ್ಕದಲ್ಲಿ ರವಿಕೆಯ ಹೊಲಿಗೆಯಂತೆ ಅಚ್ಚಿನ ಗೆರೆ. ಬೆರಳಿನಿಂದ ತಟ್ಟಿ ನಾದ ಕೇಳುವುದನ್ನು ಎಲ್ಲರೂ ಹೇಳುತ್ತಾರೆ. ದಪ್ಪ ಹೂದಾನಿಯಲ್ಲಿ ಅದನ್ನು ನಂಬುವ ಹಾಗಿಲ್ಲ. ಹಳೆಯದಾದರೆ ತಳದಲ್ಲಿ ದಿಕ್ಕುದೆಸೆಯಿಲ್ಲದ ಸಣ್ಣ ಗೀರುಗಳು ಇರಬೇಕು.

ಚೆಟ್ಟಳ್ಳಿಗೆ ಬಂದವಳೇ ಶೋಕೇಸಿನಿಂದ ನನ್ನದನ್ನು ಇಳಿಸಿದೆ. ಹೊಲಿಗೆ ಇತ್ತು.

ಮರುದಿನ ಏನೋ ನೆಪ ಮಾಡಿಕೊಂಡು ಲೈನ್ ಮನೆಗೆ ಹೋದೆ. ಕಿಟಕಿಯಲ್ಲಿ ಆ ಒಡಕಲಿನಲ್ಲಿ ಎರಡು ಆಂಥೂರಿಯಂ ಹೂ ಇಟ್ಟಿದ್ದಳು. ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಗೋಡೆಯ ಮೇಲೆ ಕೆಂಪು, ನೀಲಿ ಚುಕ್ಕೆಗಳು. ಮುಟ್ಟಿ ನೋಡುವ ಅಗತ್ಯವಿರಲಿಲ್ಲ, ಆದರೂ ಮುಟ್ಟಿದೆ. ನಿಜ ಹೇಳುತ್ತೇನೆ, ಆಗ ಮೊದಲು ಬಂದ ಯೋಚನೆ ಇದು: 'ಇದು ನನಗಿರಲಿ, ನಿನಗೊಂದು ಹೊಸದು ತಂದುಕೊಡುತ್ತೇನೆ' ಎಂದರೆ ಆಕೆ ಸಂತೋಷದಿಂದ ಕೊಟ್ಟುಬಿಡುತ್ತಾಳೆ.

ಆ ರಾತ್ರಿ ನನ್ನ ಪರವಾಗಿ ನಾನೇ ವಕೀಲಿಕೆ ಮಾಡಿದೆ. ಅತ್ತೆಯವರ ಮನಸ್ಸಿನಲ್ಲಿದ್ದದ್ದು ಒಳ್ಳೆಯದು ಸೊಸೆಗೆ, ಒಡಕಲು ಕೆಲಸದವಳಿಗೆ ಎಂದಲ್ಲವೇ? ತಪ್ಪು ತಿಳಿದು ಕೊಟ್ಟದ್ದು ಕೊಟ್ಟಂತೆಯೇ? ಆದರೆ ತಿರುಗಿಸಿ ನೋಡಿದೆ. ನನಗೆ ಕೊಟ್ಟದ್ದು ಅವರು ತಿಳಿದದ್ದಕ್ಕಿಂತ ಹತ್ತು ಪಟ್ಟು ಬೆಲೆಯದು ಎಂದು ಗೊತ್ತಾಗಿದ್ದರೆ ನಾನು ಅದನ್ನು ಒಯ್ದು ಬೇರೆಯವರಿಗೆ ಕೊಡುತ್ತಿದ್ದೆನೇ? ನನ್ನ ಅದೃಷ್ಟ ಎನ್ನುತ್ತಿದ್ದೆ. ಅದೃಷ್ಟವೆನ್ನುವುದು ಸೊಸೆಯಂದಿರಿಗೆ ಮಾತ್ರವೇ?

ಸರಿ, ಕೇಳುವುದು ಬೇಡ, ಸುಮ್ಮನಿದ್ದರೆ? ಅದೂ ಸುಲಭವಿರಲಿಲ್ಲ. ಹಳೆಯ ಸಾಮಾನು ಕೊಳ್ಳುವವನೊಬ್ಬ ಪುತ್ತರಿ ಕಳೆದ ಮೇಲೆ ಜೀಪಿನಲ್ಲಿ ಮನೆಮನೆಗೆ ಬರುತ್ತಾನೆ, ಹಿತ್ತಾಳೆ ದೀಪಗಳನ್ನು ತೂಕದ ಲೆಕ್ಕದಲ್ಲಿ ಎತ್ತಿಕೊಂಡು ಹೋಗುತ್ತಾನೆ. ಅವನ ಕಣ್ಣಿಗೆ ಅದು ಬಿದ್ದು ಆಕೆ ಐವತ್ತು ರೂಪಾಯಿಗೆ ಕೊಟ್ಟರೆ, ಆ ಮೋಸದಲ್ಲಿ ನನ್ನ ಪಾಲೂ ಇರುತ್ತದೆ. ಯಜಮಾನರಿಗೆ ಹೇಳಿದೆ. 'ಒಡೆದ ಗಾಜಿಗೆ ಇಷ್ಟು ರಾಮಾಯಣವೇ' ಎಂದು ಮಗ್ಗುಲು ತಿರುಗಿದರು. (ಇಂದಿಗೂ ನೆಂಟರು ಬಂದರೆ ಶೋಕೇಸು ತೋರಿಸಿ 'ದೊರೆಯ ಕ್ರಿಸ್ಟಲ್' ಎನ್ನುತ್ತಾರೆ. ನಾನು ಕಾಫಿ ತರಲು ಒಳಗೆ ಹೋಗುತ್ತೇನೆ.)

ಹೋಗಿ ಹೇಳಿದೆ. ಚೆಕ್ಕೆ ಎದ್ದಿರುವುದರಿಂದ ಬೆಲೆ ಇಳಿಯುತ್ತದೆ, ಆದರೂ ತಿಳಿದವರಿಗೆ ತೋರಿಸದೆ ಕೊಡಬೇಡ ಎಂದೆ. ಆಕೆ ಬಹಳ ಹೊತ್ತು ಅದನ್ನೇ ನೋಡಿದಳು.

"ಗೊತ್ತಿದ್ರೆ ದೊಡ್ಡಮ್ಮ ನಂಗೆ ಕೊಡ್ತಿದ್ರಾ?"

ಸುಳ್ಳು ಹೇಳಬಹುದಿತ್ತು. "ಇಲ್ಲ" ಎಂದೆ.

"ಹಂಗಾದ್ರೆ ವಾಪಸ್ ತಗೊಂಡು ಹೋಗಾಕೆ ಬಂದ್ರಾ?"

"ಇಲ್ಲ, ನಿನ್ನದೇ."

ಆಕೆ ಹೂ ತೆಗೆದಳು, ನೀರು ಚೆಲ್ಲಿದಳು, ಒರೆಸಿ ಹಳೆಯ ಸೀರೆಯಲ್ಲಿ ಸುತ್ತಿ ಟ್ರಂಕಿನೊಳಗಿಟ್ಟು ಬೀಗ ಹಾಕಿದಳು. ಮುಂದಿನ ಸಲ ಹೋದಾಗ ಕಿಟಕಿಯಲ್ಲಿ ಹಾರ್ಲಿಕ್ಸ್ ಬಾಟಲಿ ಇತ್ತು, ಅದರಲ್ಲಿ ಆಂಥೂರಿಯಂ.